ಬಾಯಿ ಬಿಟ್ಟು ಓದಿದವನ ಪರೀಕ್ಷೆ

ಕಂಪ್ಯೂಟರ್ ಬಲ್ಲವರ ಕಿಸೆ ತಪಾಸಣೆ ಮಾಡುವುದು ನನ್ನ ಉದ್ಯೋಗವಾಗಿತ್ತು. ಕಂಪ್ಯೂಟರ್ ನನಗೆ ಬಾರದು. ಆನ್ ಮಾಡಲು ಬರುತ್ತದೆ, ಆಫ್ ಮಾಡಲು ಬರುತ್ತದೆ, ನಡುವೆ ಏನಾದರೂ ಆದರೆ ಬೆಂಗಳೂರಿಗೆ ಫೋನ್ ಮಾಡಲು ಬರುತ್ತದೆ. ಇಷ್ಟು ವಿದ್ಯೆಯ ಬಲದಿಂದ ಬಂಟ್ವಾಳದ ಬಿ.ಸಿ.ರೋಡಿನ ಒಂದು ಪರೀಕ್ಷಾ ಕೇಂದ್ರದಲ್ಲಿ ನಿವೃತ್ತಿಯ ದಿನದವರೆಗೆ ಮರ್ಯಾದೆಯಿಂದ ಬಾಳಿದೆ. ಈಗ ನನ್ನ ಕುರ್ಚಿಯಲ್ಲಿ ರಶ್ಮಿ ಕುಳಿತಿದ್ದಾಳೆ. ಅವಳ ಹಾಗೆ ಈ ಕೆಲಸಕ್ಕೆ ಬರುವವರು ಇನ್ನೂ ಇದ್ದಾರೆ. ಕಂಪನಿಯವರು ಕೊಡುವ ಕೈಪಿಡಿಯಲ್ಲಿ ಎಲ್ಲವೂ ಇದೆ, ನಮ್ಮ ಊರಿನ ಜನರನ್ನೊಂದು ಬಿಟ್ಟು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅದು ಎಂಥ ಪರೀಕ್ಷೆ ಎಂದು ಮೊದಲು ಹೇಳಿಬಿಡುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಗಲ್ಫಿಗೆ ಹೋದವರಲ್ಲಿ ಅಂಗಡಿ, ಹೋಟೆಲಿನವರು ಇರುವ ಹಾಗೆಯೇ ಆಸ್ಪತ್ರೆ, ಬ್ಯಾಂಕು, ಬಂದರುಗಳ ಕಂಪ್ಯೂಟರ್ ನೋಡಿಕೊಳ್ಳುವವರೂ ಬೇಕಾದಷ್ಟು ಮಂದಿ ಇದ್ದಾರೆ. ಹೆಚ್ಚಿನವರು ಅಲ್ಲಿಗೆ ಹೋದ ಮೇಲೆ ಕಲಿತವರು. ವರ್ಷಗಟ್ಟಲೆ ದುಡಿದ ಮೇಲೆ ಒಂದು ದಿನ ಅಲ್ಲಿಯ ಕಂಪನಿಗೆ ಜ್ಞಾನೋದಯವಾಗುತ್ತದೆ: ಈ ಮನುಷ್ಯನಿಗೆ ಕೆಲಸ ಬರುತ್ತದೆ ಎನ್ನಲು ಸರ್ಟಿಫಿಕೇಟು ಎಲ್ಲಿ? ಆ ಸರ್ಟಿಫಿಕೇಟು ಕೊಡುವವರು ಪರದೇಶದ ದೊಡ್ಡ ಸಂಸ್ಥೆಯವರು. ಪರೀಕ್ಷೆ ಮಾತ್ರ ಎಲ್ಲಿ ಬೇಕಾದರೂ ಬರೆಯಬಹುದು. ಹಾಗಾಗಿ ಊರಿಗೆ ರಜೆಯಲ್ಲಿ ಬಂದವರು ತಂಗಿಯ ಮದುವೆ, ಅಣ್ಣನ ಮನೆಯೊಕ್ಕಲು, ತಮ್ಮ ಹಲ್ಲುನೋವು ಇವುಗಳ ನಡುವೆ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಕೆಳಗೆ ಬೇಕರಿ, ಮೇಲೆ ನಾವು. ಪಪ್ಸಿನ ಪರಿಮಳದಲ್ಲಿ ಪರೀಕ್ಷೆ ಬರೆಯಬೇಕಾದದ್ದು ನಮ್ಮ ಕೇಂದ್ರದ ವಿಶೇಷ ಶಿಕ್ಷೆ.

ಎಲ್ಲರೂ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. ನಾನು ಯಾರಿಗೂ ಏನನ್ನೂ ಕಲಿಸಿದವಳಲ್ಲ. ಆದರೆ ಸೀರೆ ಉಟ್ಟು, ಕನ್ನಡಕ ಇಟ್ಟು, ಸಿಟ್ಟು ಮಾಡುವ ಹೆಂಗಸು ಟೀಚರ್ ಅಲ್ಲದೆ ಇನ್ನೇನು ಆಗಿರಲು ಸಾಧ್ಯ ಎಂಬುದು ಊರಿನವರ ಲೆಕ್ಕ. ನನಗೆ ಒಂದು ಅಭ್ಯಾಸವಿತ್ತು. ಪರೀಕ್ಷಾ ಕೋಣೆಯಲ್ಲಿ ಯಾರಾದರೂ ಕೆಮ್ಮಲು ಬಾಯಿ ತೆರೆದರೂ ನನ್ನ ತೋರುಬೆರಳು ತುಟಿಗೆ ಹೋಗುತ್ತಿತ್ತು. ನನ್ನ ಬೆನ್ನ ಹಿಂದೆ ಹುಡುಗರು ಬೆರಳು ಟೀಚರ್ ಎನ್ನುತ್ತಿದ್ದದ್ದು ನನಗೆ ಗೊತ್ತಿತ್ತು, ಕೇಳಿದರೂ ಕೇಳಿಸದ ಹಾಗೆ ಇದ್ದೆ.

ಇದಕ್ಕೂ ಮೊದಲು ನಾನು ಮೂಡುಬಿದಿರೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದೆ. ಟೈಪಿಂಗ್ ಪರೀಕ್ಷೆಯೆಂದರೆ ಗಲಾಟೆ. ಕಣ್ಣು ಮುಚ್ಚಿ ನಿಂತರೂ ಯಾರು ಓಡುತ್ತಿದ್ದಾರೆ, ಯಾರು ಎಡವಿದರು ಎಂದು ಕಿವಿಗೇ ತಿಳಿಯುತ್ತಿತ್ತು. ಯಂತ್ರಗಳು ಹೋದವು, ಕಂಪ್ಯೂಟರ್ ಬಂತು, ನಾನು ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಬಿ.ಸಿ.ರೋಡಿಗೆ ಬಂದೆ. ಇಲ್ಲಿ ಮೌನವೇ ಮೊದಲ ನಿಯಮ. ಮೊದಲ ತಿಂಗಳು ಆ ಮೌನದಲ್ಲಿ ನನಗೆ ತೂಕಡಿಕೆ ಬಂದು ಕಷ್ಟವಾಗಿತ್ತು.

ನಿದ್ದೆ ಬಿಡಿಸಿದ್ದು ನನ್ನದೇ ಘನಕಾರ್ಯ. ಒಂದು ಬೆಳಗ್ಗೆ ಮುಖ್ಯ ಕಂಪ್ಯೂಟರ್ ನನ್ನಲ್ಲಿ ಏನೋ ಕೇಳಿತು. ಪಾಪ, ಇಷ್ಟು ವಿನಯದಿಂದ ಕೇಳುತ್ತಿದೆಯಲ್ಲ ಎಂದು ಹೌದು ಒತ್ತಿದೆ. ಕೋಣೆಯಲ್ಲಿದ್ದ ಎಲ್ಲ ಪರದೆಗಳೂ ನೀಲಿಯಾದವು. ಯೋಚಿಸಿ ನೋಡಿ, ಕಂಪ್ಯೂಟರ್ ಸರಿಮಾಡುವುದನ್ನೇ ಕಸುಬು ಮಾಡಿಕೊಂಡ ಒಂದು ಕೋಣೆ ಜನ, ಕುರ್ಚಿ ಬಿಟ್ಟು ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ನನ್ನ ಯಂತ್ರ ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ಕಕ್ಕಿಂಜೆಯಿಂದ ಬಂದಿದ್ದ ಒಬ್ಬರು ತಡೆಯಲಾರದೆ "ಟೀಚರ್, ಆ ವಯರು..." ಎಂದರು. ನನ್ನ ಬೆರಳು ತುಟಿಗೆ ಹೋಯಿತು. ಅವರು ಬಾಯಿ ಮುಚ್ಚಿದರು. ಬೆಂಗಳೂರಿನವರು ಫೋನಿನಲ್ಲಿ ಅರ್ಧ ತಾಸು ಹೇಳಿಕೊಟ್ಟ ಮೇಲೆ ಸರಿಹೋದದ್ದು ಆ ವಯರನ್ನು ಎಳೆದು ಚುಚ್ಚಿದಾಗಲೇ.

ಆದ್ದರಿಂದ ಹೊಸಬರಿಗೆ ನನ್ನ ಮೊದಲ ಮಾತು: ಯಂತ್ರ ಏನಾದರೂ ಕೇಳಿದರೆ ತಕ್ಷಣ ಒಪ್ಪಬೇಡಿ. ಎರಡನೆಯದು, ಶುಕ್ರವಾರ ಮಧ್ಯಾಹ್ನ ಪರೀಕ್ಷೆ ಇಡಬೇಡಿ, ಅರ್ಧ ಜನ ಮಸೀದಿಯಲ್ಲಿರುತ್ತಾರೆ. ಆಟದ ಸೀಸನ್ನಿನಲ್ಲಿ ಬೆಳಗ್ಗಿನ ಹೊತ್ತು ಬೇಡವೇ ಬೇಡ. ರಾತ್ರಿಯಿಡೀ ಯಕ್ಷಗಾನ ನೋಡಿದ ಒಬ್ಬ ಇಂಜಿನಿಯರ್ ಕೀಬೋರ್ಡಿನ ಮೇಲೆ ಹಣೆಯಿಟ್ಟು ಮಲಗಿ, ಒಂದೇ ಉತ್ತರವನ್ನು ಎಲ್ಲ ಪ್ರಶ್ನೆಗಳಿಗೂ ಕೊಟ್ಟು ಎದ್ದು ಹೋದದ್ದುಂಟು. ಬೆಳ್ತಂಗಡಿಯವರಿಗೆ ಹತ್ತೂವರೆಗೆ ಮೊದಲು ಸಮಯ ಕೊಟ್ಟರೆ ಅವರು ಬಸ್ಸಿಗೆ ಬೈಯುತ್ತ ಬರುತ್ತಾರೆ, ಬೈಯುತ್ತ ಬರೆಯುತ್ತಾರೆ. ಇವು ಯಾವುವೂ ಕೈಪಿಡಿಯಲ್ಲಿ ಸಿಗುವುದಿಲ್ಲ.

ನನ್ನ ಮೇಲಧಿಕಾರಿ ಸಂತೋಷ್ ಸರ್ ಬೆಂಗಳೂರಿನಲ್ಲಿ ಕುಳಿತು ಕ್ಯಾಮರಾದಲ್ಲಿ ನಮ್ಮನ್ನು ನೋಡುತ್ತಿದ್ದರು. ಪ್ರಾಯದಲ್ಲಿ ನನ್ನ ತಮ್ಮನ ಮಗನಷ್ಟು. ಕೆಟ್ಟವರಲ್ಲ, ಆದರೆ ನಿಯಮ ಅವರಿಗೆ ಅನ್ನದ ಹಾಗೆ. ಒಮ್ಮೆ ಬೆಳ್ತಂಗಡಿಯ ಹುಡುಗಿಯೊಬ್ಬಳು ಜಡೆ ತುಂಬ ಮಲ್ಲಿಗೆ ಮುಡಿದು ಬಂದಿದ್ದಳು. ಜರ್ಮನಿಯಲ್ಲಿ ಕೆಲಸ, ಮರುದಿನ ನಿಶ್ಚಿತಾರ್ಥ. ಫೋನ್ ಬಂತು.

"ಮೇಡಂ, ಆ ಹೂವಿನೊಳಗೆ ಏನಿದೆ, ಚೆಕ್ ಮಾಡಿದ್ರಾ?"

"ಹೂವಿನೊಳಗೆ ಹೂವು ಉಂಟು ಸರ್."

"ಸೂಜಿ ತರಹದ ಮೈಕ್ ಬರುತ್ತೆ ಈಗ. ಬಿಚ್ಚಿ ನೋಡಿ."

ಬಿಚ್ಚಿದೆ. ಬಾಳೆನಾರು ಮತ್ತು ಒಂದು ಇರುವೆ ಸಿಕ್ಕಿತು. ಇರುವೆಯ ಕಿಸೆಯನ್ನೂ ನೋಡಬೇಕೋ ಎಂದು ಕೇಳುವ ಮನಸ್ಸಾಯಿತು, ಸಂಬಳ ನೆನಪಾಗಿ ಸುಮ್ಮನಾದೆ. ಹೂವನ್ನು ಮತ್ತೆ ಅವಳ ಜಡೆಗೆ ಮುಡಿಸಿ ಕಳಿಸಿದೆ. ತಾಯಿತಗಳ ಕಥೆಯೂ ಹೀಗೆಯೇ. ಕೈಪಿಡಿಯ ಪ್ರಕಾರ ಮೈಮೇಲಿನ ವಸ್ತುಗಳನ್ನು ನೋಡಬೇಕು. ಬಿಚ್ಚಿಸಬೇಕು ಎಂದು ಎಲ್ಲಿಯೂ ಬರೆದಿಲ್ಲ. ನೋಡಿ ನಮಸ್ಕಾರ ಮಾಡಿ ಬಿಡುತ್ತಿದ್ದೆ. ನಿಯಮವನ್ನು ಪೂರ್ತಿಯಾಗಿ ಓದಿದವರಿಗೆ ಅದರಲ್ಲಿ ಮನುಷ್ಯರು ಕೂರುವಷ್ಟು ಜಾಗ ಕಾಣಿಸುತ್ತದೆ. ಈ ಮಾತನ್ನು ನಾನು ಅಶ್ರಫನಿಂದಾಗಿ ಕಲಿತೆ. ಉಳಿದದ್ದೆಲ್ಲ ಅವನ ಕಥೆಯೇ.

ಅಶ್ರಫ್ ಪಾಣೆಮಂಗಳೂರಿನವನು, ನಲವತ್ತರ ಆಸುಪಾಸು. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗದ ಹೆಲ್ಪರ್. ಆ ವಿಭಾಗದಲ್ಲಿ ಟೆಕ್ನಿಷಿಯನ್ ಜಾಗ ಒಂದು ಖಾಲಿಯಾಗಿತ್ತು. ರಜೆ ಮುಗಿಸಿ ಬರುವಾಗ ಸರ್ಟಿಫಿಕೇಟು ತಂದರೆ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಕಂಪನಿ ಹೇಳಿ ಕಳಿಸಿತ್ತು. ಅವನಿಗೆ ಹುದ್ದೆಯ ಆಸೆ ಅಷ್ಟಾಗಿ ಇರಲಿಲ್ಲ. ಹೆಲ್ಪರ್ ವೀಸಾದವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿರಲಿಲ್ಲ, ಟೆಕ್ನಿಷಿಯನ್ ಕರೆಸಿಕೊಳ್ಳಬಹುದಿತ್ತು. ಅವನು ಮದುವೆಯಾದಂದಿನಿಂದ ಅಲ್ಲಿ ಗಂಡಸರ ರೂಮಿನಲ್ಲಿದ್ದ, ಹೆಂಡತಿ ಮೈಮುನಾ ಇಲ್ಲಿ. ಮಗಳು ನಾಲ್ಕನೆಯ ಕ್ಲಾಸು.

"ಮಗಳು ನನ್ನನ್ನು ನೋಡಿದ್ದು ವಿಡಿಯೋದಲ್ಲೇ ಹೆಚ್ಚು ಟೀಚರ್," ಎಂದ, ಲಾಕರಿನಲ್ಲಿ ಪರ್ಸು ಇಡುತ್ತ. "ಫೋನಿನಲ್ಲಿ ತುಂಬ ಮಾತಾಡ್ತಾಳೆ. ಎದುರು ಬಂದರೆ ನಾಚಿಕೆ, ಮೈಮುನಾಳ ಹಿಂದೆ ನಿಲ್ತಾಳೆ. ನಿನ್ನೆ ರಾತ್ರಿ ನನ್ನ ಹತ್ತಿರ ನೀರು ಬೇಕಾ ಅಂತ ಕೇಳಿದಳು, ಬಂದವರ ಹತ್ತಿರ ಕೇಳುವ ಹಾಗೆ."

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಜೇನುನೊಣ ಬಂದ ಹಾಗೆ ಸದ್ದು. ಅಶ್ರಫನ ತುಟಿ ಆಡುತ್ತಿತ್ತು. ಪ್ರಶ್ನೆಯನ್ನು ಓದುತ್ತಿದ್ದ, ಬಾಯಲ್ಲಿ. ನನ್ನ ಬೆರಳು ಹೋಯಿತು. ಅವನು ಗಾಬರಿಯಾಗಿ ಬಾಯಿ ಮುಚ್ಚಿಕೊಂಡ. ಮತ್ತೆ ಐದು ನಿಮಿಷಕ್ಕೆ ಅದೇ ಸದ್ದು. ಬೆಂಗಳೂರಿನಿಂದ ಎಚ್ಚರಿಕೆ ಬಂತು. ಅವನು ಅಂಗೈಯಿಂದ ಬಾಯಿ ಮುಚ್ಚಿ ಕುಳಿತ, ಕೈಯಿಂದ ಬಾಯಿ ಮರೆಮಾಡುವುದೂ ನಿಯಮಕ್ಕೆ ವಿರುದ್ಧ. ಕೈ ತೆಗೆಸಿದೆ. ಆಮೇಲೆ ಹಲ್ಲು ಕಚ್ಚಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು, ಮೌನವಾಗಿ ಬರೆದ. ಫೇಲಾದ.

"ಎಂತ ಮಾಡುವುದು ಟೀಚರ್," ಎಂದ ಹೊರಗೆ ಬಂದು. "ಬಾಯಿ ಮುಚ್ಚಿದರೆ ನನಗೆ ಕಣ್ಣು ಕಾಣುವುದಿಲ್ಲ."

"ಕೆಲಸದಲ್ಲೂ ಹೀಗೆಯಾ?"

"ಅಲ್ಲಿ ಯಾರು ಕೇಳ್ತಾರೆ? ಸರ್ವರ್ ರೂಮಿನಲ್ಲಿ ಫ್ಯಾನಿನ ಸದ್ದು ಇರ್ತದಲ್ಲ."

ಅವನು ಓದು ಕಲಿತದ್ದೇ ಹಾಗೆ. ಬೆಳಗ್ಗೆ ಮದರಸದಲ್ಲಿ ಗಟ್ಟಿಯಾಗಿ, ಆಮೇಲೆ ಸರಕಾರಿ ಕನ್ನಡ ಶಾಲೆಯಲ್ಲಿ ಇನ್ನೂ ಗಟ್ಟಿಯಾಗಿ. ನಮ್ಮ ಕಾಲದವರೆಲ್ಲ ಹಾಗೆಯೇ ಕಲಿತವರು. ನಾವು ದೊಡ್ಡವರಾಗುತ್ತ ಸ್ವರವನ್ನು ನುಂಗಿದೆವು, ಅವನು ನುಂಗಲಿಲ್ಲ, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಮನೆಯಲ್ಲಿ ಕುಳಿತೇ ಪರೀಕ್ಷೆ ಬರೆಯುವ ಹೊಸ ಪದ್ಧತಿ ಬಂದಿತ್ತು. ಎಲ್ಲಿಯೋ ದೂರದ ಮೇಲ್ವಿಚಾರಕ ಲ್ಯಾಪ್‌ಟಾಪಿನ ಕ್ಯಾಮರಾದಲ್ಲಿ ನೋಡುತ್ತಾನೆ. ನಮ್ಮ ಅನ್ನಕ್ಕೆ ಕಲ್ಲು ಬೀಳುವ ಪದ್ಧತಿ, ಆದರೂ ಅಶ್ರಫ್ ಅದನ್ನು ಆರಿಸಿಕೊಂಡಾಗ ನಾನು ಬೇಡವೆನ್ನಲಿಲ್ಲ. ಮನೆಯಲ್ಲಿ ನನ್ನ ಬೆರಳಾದರೂ ಇರುವುದಿಲ್ಲ ಎಂಬ ಧೈರ್ಯ ಅವನಿಗೆ. ಅಲ್ಲಿಯೂ ಮಾತಾಡುವ ಹಾಗಿಲ್ಲ, ಆದರೆ ಸಣ್ಣಗೆ ಗುಣುಗಿದರೆ ಯಂತ್ರಕ್ಕೆ ಕೇಳಲಿಕ್ಕಿಲ್ಲ ಎಂದುಕೊಂಡ. ಯಂತ್ರಕ್ಕೆ ಕೇಳುವ ಸಂದರ್ಭವೇ ಬರಲಿಲ್ಲ.

ಆದದ್ದು ಇಷ್ಟು. ಅಶ್ರಫ್ ಕೋಣೆಯ ಬಾಗಿಲು ಹಾಕಿ ಕುಳಿತ. ಲ್ಯಾಪ್‌ಟಾಪಿನಿಂದ ಗಂಡಸಿನ ಸ್ವರವೊಂದು ನಮಸ್ಕಾರ ಹೇಳಿ, ಕೋಣೆಯನ್ನು ತೋರಿಸಿ ಎಂದಿತು. ಇವನು ಲ್ಯಾಪ್‌ಟಾಪ್ ಎತ್ತಿಕೊಂಡು ನಾಲ್ಕು ಗೋಡೆ, ಕಪಾಟು, ಮಂಚದ ಅಡಿ ಎಲ್ಲವನ್ನೂ ತೋರಿಸಿದ. ಅಡುಗೆಮನೆಯಲ್ಲಿದ್ದ ಅವನ ತಾಯಿ ಉಮ್ಮನಿಗೆ ಇದೆಲ್ಲ ಕೇಳಿಸಿತು. ಯಾರೋ ಮರ್ಯಾದಸ್ಥರು ಬಂದಿದ್ದಾರೆ, ಮಗ ಮನೆ ತೋರಿಸುತ್ತಿದ್ದಾನೆ, ಸರಿಯಾಗಿಯೇ ಇದೆ. ಆದರೆ ಆಮೇಲೆ ಒಂದು ಮಾತಿಲ್ಲ, ಕಥೆಯಿಲ್ಲ. ಬಂದವರನ್ನು ಕೂರಿಸಿಕೊಂಡು ಮೂಗನ ಹಾಗೆ ಕೂರುವುದೇ? ಉಮ್ಮ ಲಿಂಬೆ ಶರಬತ್ತು ಮಾಡಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಬಾಗಿಲು ನೂಕಿದರು. ಕೋಣೆಯಲ್ಲಿ ಮಗನನ್ನು ಬಿಟ್ಟು ಯಾರೂ ಇಲ್ಲ, ಲ್ಯಾಪ್‌ಟಾಪ್ ಇದೆ. ಗಲ್ಫಿನಲ್ಲಿರುವ ಮಗನ ಜತೆ ವರ್ಷಗಟ್ಟಲೆ ಪರದೆಯಲ್ಲೇ ಮಾತಾಡಿದ ಹೆಂಗಸು ಅವರು, ಅಷ್ಟಕ್ಕೆ ಹಿಂಜರಿಯುವವರಲ್ಲ. ಲೋಟವನ್ನು ಲ್ಯಾಪ್‌ಟಾಪಿನ ಎದುರಿಟ್ಟು ಅದನ್ನೇ ಕೇಳಿದರು:

"ನೀವು ಎಲ್ಲಿಯವರಾಯಿತು? ಊಟ ಆಯಿತಾ?"

ಆ ಕಡೆಯ ಮನುಷ್ಯ ಪರೀಕ್ಷೆ ರದ್ದಾಗಿದೆ ಎಂದು ಹೇಳಿ ಹೊರಟುಹೋದ. ಅಶ್ರಫ್ ತಲೆಯ ಮೇಲೆ ಕೈಹೊತ್ತು ಕುಳಿತ. ಉಮ್ಮನಿಗೆ ಬೇಸರವಾದದ್ದು ಬೇರೆಯದಕ್ಕೆ.

"ಶರಬತ್ತು ಕುಡಿಯದೆ ಹೋದರಲ್ಲ," ಎಂದರಂತೆ.

ಇದನ್ನು ಅವನು ನನ್ನ ಮೇಜಿನ ಎದುರು ನಿಂತು ಹೇಳಿದಾಗ, ಆಗ ನನ್ನ ಸಹಾಯಕ್ಕಿದ್ದ ರಶ್ಮಿ ನಕ್ಕು ನಕ್ಕು ಹೊರಗೆ ಓಡಿದಳು. ನಾನೂ ಕಣ್ಣೀರು ಬರುವಷ್ಟು ನಕ್ಕೆ. ನಗು ಮುಗಿದ ಮೇಲೆ ನೋಡಿದರೆ ಅವನೊಬ್ಬನೇ ನಗದೆ ನಿಂತಿದ್ದ. ರಜೆ ಮುಗಿಯುತ್ತ ಬಂದಿತ್ತು. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಇಷ್ಟು ದಿನ ಬಿಡಬೇಕೆಂಬ ನಿಯಮ ಬೇರೆ. ಲೆಕ್ಕ ಹಾಕಿದರೆ ಇನ್ನು ಒಂದೇ ಅವಕಾಶ ಉಳಿದಿತ್ತು, ಅದೂ ವಿಮಾನದ ಹಿಂದಿನ ದಿನ.

ಅಂದು ಮಧ್ಯಾಹ್ನ ನಾನು ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಲ್ಲಿಯವರೆಗೆ ಯಾರಿಗೆ ಏನೇನು ಕೂಡದು ಎಂಬ ಭಾಗವನ್ನಷ್ಟೇ ಓದಿದ್ದೆ. ಕೊನೆಯ ಪುಟಗಳಲ್ಲಿ ವಿಶೇಷ ವ್ಯವಸ್ಥೆ ಎಂದು ಒಂದು ಅಧ್ಯಾಯವಿತ್ತು. ಮೌನವಾಗಿ ಓದಲು ಕಷ್ಟವಿರುವವರು ಮುಂಚಿತವಾಗಿ ಕೇಳಿಕೊಂಡರೆ ಪ್ರತ್ಯೇಕ ಕೋಣೆ ಕೊಡಬಹುದು, ಗಟ್ಟಿಯಾಗಿ ಓದಲು ಬಿಡಬಹುದು, ಮೇಲ್ವಿಚಾರಕರು ಜತೆಗೆ ಕೂರಬೇಕು. ಸಂತೋಷ್ ಸರ್‌ಗೆ ಫೋನ್ ಮಾಡಿದೆ.

"ಓದೋಕೆ ಕಣ್ಣು ಸಾಕಲ್ವಾ ಮೇಡಂ? ಬಾಯಿ ಯಾಕೆ?"

"ನಿಮಗೂ ನನಗೂ ಸಾಕು ಸರ್. ಅವರಿಗೆ ಸಾಕಾಗುವುದಿಲ್ಲ."

"ಇದುವರೆಗೆ ನಮ್ಮ ಯಾವ ಸೆಂಟರ್‌ನಲ್ಲೂ ಯಾರೂ ಕೇಳಿಲ್ಲ."

"ಕೇಳದೆ ಇದ್ದದ್ದಕ್ಕೆ ಪುಟ ಹರಿದು ಹೋಗಲಿಲ್ಲವಲ್ಲ ಸರ್. ನನ್ನ ಪುಸ್ತಕದಲ್ಲಿ ಈಗಲೂ ಉಂಟು."

"ಡಾಕ್ಟರದ್ದು, ಇಲ್ಲಾ ಓದು ಕಲಿಸಿದ ಟೀಚರದ್ದು ಲೆಟರ್ ಬೇಕಾಗುತ್ತೆ. ಕಳ್ಸಿ, ಮೇಲೆ ಕೇಳ್ತೀನಿ," ಎಂದರು. ಅವರ ಮೇಲೂ ಒಬ್ಬರಿದ್ದಾರೆ ಎಂಬುದು ಅಂದು ನನಗೆ ಹೊಳೆದು, ಸ್ವಲ್ಪ ಪ್ರೀತಿಯೂ ಹುಟ್ಟಿತು.

ತಕರಾರು ಬಂದದ್ದು ಅಶ್ರಫನಿಂದ. ಅರ್ಜಿಯ ತಲೆಬರಹ ನೋಡಿದವನು ಕುರ್ಚಿಯಿಂದ ಎದ್ದ.

"ಇದು ಬೇಡ ಟೀಚರ್. ನನಗೆ ಎಂತದೋ ಕೊರತೆ ಉಂಟು ಅಂತ ಬರೆದು ಕೊಟ್ಟು ಪಾಸಾಗುವುದು ಬೇಡ. ನಾಳೆ ಮಗಳಿಗೆ ಎಂತ ಹೇಳುವುದು?"

"ಎಂತ ಹೇಳುವುದಿದ್ದರೂ ವಿಡಿಯೋದಲ್ಲೇ ಹೇಳು ಹಾಗಾದರೆ," ಎಂದೆ. ಸಿಟ್ಟು ಬಂದರೆ ನನ್ನ ನಾಲಿಗೆಗೆ ಬಹುವಚನ ಮರೆತುಹೋಗುತ್ತದೆ. ಅವನ ಮುಖ ಸಣ್ಣದಾಯಿತು. ಅಂದಿನಿಂದ ಅವನು ನನಗೆ ಏಕವಚನವೇ ಆದ. ಆಮೇಲೆ ಕೇಳಿದೆ, "ನಿನಗೆ ಓದಲಿಕ್ಕೆ ಕಲಿಸಿದ್ದು ಯಾರು?"

"ವಾಸು ಮಾಸ್ಟ್ರು."

"ಇದ್ದಾರಾ?"

"ಇದ್ದಾರೆ. ಊರಲ್ಲೇ."

"ನಡಿ, ಹೋಗುವ. ನಿನಗೆ ಕೊರತೆ ಉಂಟಾ ಇಲ್ಲವಾ ಅಂತ ಅವರೇ ಹೇಳಲಿ."

ಹಳೆಯ ಸೇತುವೆ ದಾಟಿ ಪಾಣೆಮಂಗಳೂರಿಗೆ ಹೋದೆವು. ನೇತ್ರಾವತಿಯಲ್ಲಿ ನೀರು ತುಂಬಿತ್ತು. ದಾರಿಯುದ್ದಕ್ಕೂ ಅಶ್ರಫ್ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಬಂದ, ತನಗೇ ಗೊತ್ತಿಲ್ಲದೆ, ಸಣ್ಣ ಸ್ವರದಲ್ಲಿ. ವಾಸು ಮಾಸ್ಟ್ರು ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಎಂಬತ್ತು ದಾಟಿದೆ, ಕಿವಿ ಮಂದ. ನಾನು ಗಟ್ಟಿಯಾಗಿ ಸಂಗತಿಯನ್ನೆಲ್ಲ ಹೇಳಿದೆ. ಅಕ್ಕಪಕ್ಕದ ಮನೆಯವರಿಗೂ ಪೂರ್ತಿ ಅರ್ಥವಾಗಿರಬೇಕು. ಮಾಸ್ಟ್ರು ಅಶ್ರಫನನ್ನು ಮೇಲಿನಿಂದ ಕೆಳಗೆ ನೋಡಿದರು.

"ಮನಸ್ಸಿನಲ್ಲಿ ಓದುವವ ಓದುತ್ತಿದ್ದಾನಾ ನಿದ್ದೆ ಮಾಡ್ತಿದ್ದಾನಾ ಅಂತ ನನಗೆ ಹೇಗೆ ಗೊತ್ತಾಗುವುದು?" ಎಂದರು. "ಅದಕ್ಕೇ ಬಾಯಿ ಬಿಟ್ಟು ಓದಿಸ್ತಿದ್ದೆ. ಇವನ ಸ್ವರ ಮೂರು ಮನೆಗೆ ಕೇಳ್ತಿತ್ತು. ಒಂದು ದಿನ ಕೇಳದೆ ಇದ್ದಾಗ ಎರಡು ಬಾರಿಸಿದ್ದೆ. ನೆನಪುಂಟಾ?"

"ಉಂಟು ಮಾಸ್ಟ್ರೆ. ಆ ದಿನ ಗಂಟಲು ನೋವಿತ್ತು."

"ಹೇಳಬೇಕಿತ್ತು ಮಾರಾಯ."

"ಹೇಳಲಿಕ್ಕೆ ಸ್ವರ ಇರಲಿಲ್ಲ."

ಮಾಸ್ಟ್ರು ಜೋರಾಗಿ ನಕ್ಕರು. ನನ್ನಿಂದ ಪೆನ್ನು ಕೇಳಿ ಪಡೆದರು. ಬರೆದು ಮುಗಿಸಿ, ಬರೆದದ್ದನ್ನು ಬಾಯಿ ಬಿಟ್ಟು ಓದಿದರು, ಪೂರ್ಣವಿರಾಮಗಳಲ್ಲಿ ಸರಿಯಾಗಿ ನಿಂತು. ಈ ಹುಡುಗನಿಗೆ ಯಾವ ಕೊರತೆಯೂ ಇಲ್ಲ, ಇವನು ಗಟ್ಟಿಯಾಗಿ ಓದಿಯೇ ಅರ್ಥ ಮಾಡಿಕೊಳ್ಳುವವನು, ಹಾಗೆ ಕಲಿಸಿದವನು ನಾನು, ಆದುದರಿಂದ ಮೌನ ಬೇಕೆನ್ನುವವರು ನನ್ನನ್ನು ಕೇಳತಕ್ಕದ್ದು ಎಂದು ಬರೆದಿದ್ದರು.

ಅಶ್ರಫ್ ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದ. ಬರುವಾಗ ಸೇತುವೆಯ ಮೇಲೆ ನನ್ನಿಂದ ಅರ್ಜಿ ಇಸಿದುಕೊಂಡು ಸಹಿ ಹಾಕಿದ.

ಆ ಪತ್ರವನ್ನು ಇಂಗ್ಲಿಷಿಗೆ ಮಾಡಿದ್ದು ರಶ್ಮಿ. ಕೇಳತಕ್ಕದ್ದು ಎಂಬುದನ್ನು ಸ್ವಲ್ಪ ಮೆತ್ತಗೆ ಮಾಡು ಎಂದೆ. ಅವಳು ಮಾಡಲಿಲ್ಲವಂತೆ, ಆಮೇಲೆ ಹೇಳಿದಳು. ಅನುಮತಿ ಬರುತ್ತದೆಯೋ ಇಲ್ಲವೋ ಎಂದು ನಾವು ಕಾದ ಪಾಡು ಹೇಳುವುದು ಬೇಡ. ನಾನು ನಡುನಡುವೆ ಫೋನ್ ಮಾಡಿ ಸಂತೋಷ್ ಸರ್ ಅವರ ಪ್ರಾಣ ತಿಂದೆ. ಕೊನೆಗೆ ಪರೀಕ್ಷೆಯ ಮುನ್ನಾದಿನ ಸಂಜೆ ಅವರೇ ಫೋನ್ ಮಾಡಿದರು. "ಬಂತು ಮೇಡಂ. ಆ ಮೇಷ್ಟ್ರ ಲೆಟರ್ ಇಲ್ಲಿ ಎಲ್ಲರೂ ಓದಿದ್ರು," ಎಂದರು. ಅವರ ಸ್ವರದಲ್ಲೂ ಖುಷಿ ಇತ್ತು.

ಪ್ರತ್ಯೇಕ ಕೋಣೆ ಎಂದರೆ ನಮ್ಮಲ್ಲಿ ಮುರಿದ ಕುರ್ಚಿಗಳನ್ನು ಇಡುತ್ತಿದ್ದ ಕೋಣೆ. ಅದನ್ನು ಗುಡಿಸಿ ಒರೆಸಿ ಕಂಪ್ಯೂಟರ್ ಇಟ್ಟೆವು. ದೊಡ್ಡ ಕೋಣೆಯಲ್ಲಿ ಅಂದು ಎರಡು ತಂಡಗಳ ಪರೀಕ್ಷೆ, ಅದನ್ನು ರಶ್ಮಿಗೆ ಬಿಟ್ಟೆ. ನಾನು ಅಶ್ರಫನ ಹಿಂದೆ ಗೋಡೆಗೆ ಒರಗಿ ಕುಳಿತೆ. ನನ್ನ ಮುಖ ಕಾಣಬಾರದೆಂದು ಹಾಗೆ ಕುಳಿತದ್ದು. ಕಂಡರೂ ಪ್ರಯೋಜನವಿರಲಿಲ್ಲ, ನನ್ನ ಮುಖ ನೋಡಿ ಕಂಪ್ಯೂಟರ್ ಪ್ರಶ್ನೆಗೆ ಉತ್ತರ ಹುಡುಕುವವನು ಫೇಲಾಗುವುದು ಖಂಡಿತ. ಕೆಳಗೆ ಬೇಕರಿಯಲ್ಲಿ ಉಮ್ಮ, ಮೈಮುನಾ ಮತ್ತು ಮಗಳು ಕಾದು ಕುಳಿತಿದ್ದರು.

ಅಶ್ರಫ್ ಮೊದಲ ಪ್ರಶ್ನೆಗೆ ಬಾಯಿ ತೆರೆದ, ನನ್ನ ಕಡೆ ತಿರುಗಿ ನೋಡಿದ. ನನ್ನ ಬೆರಳು ಮೇಲೆ ಹೋಗದ ಹಾಗೆ ಎರಡೂ ಕೈ ಮಡಿಲಲ್ಲಿಟ್ಟು ಹಿಡಿದುಕೊಂಡಿದ್ದೆ. ಓದಲು ಶುರು ಮಾಡಿದ. ಏನು ಓದಿದ ಎಂದು ಬರೆಯುವ ಹಾಗಿಲ್ಲ, ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ, ನಿವೃತ್ತಿಯಾದ ಮಾತ್ರಕ್ಕೆ ಸಹಿ ಅಳಿಸಿಹೋಗುವುದಿಲ್ಲ. ಅವನದೇ ಮಾತುಗಳನ್ನು ಬರೆಯಬಹುದು. ಇಂಗ್ಲಿಷಿನಲ್ಲಿ ಪ್ರಶ್ನೆ, ಆಮೇಲೆ ಅರ್ಧ ಕನ್ನಡ, ಅರ್ಧ ತನ್ನ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಉತ್ತರಗಳ ಜತೆ ಜಗಳ. "ಇದು ಬೇಡ. ಇದು ಸುಳ್ಳು. ಇವನನ್ನು ಆಮೇಲೆ ನೋಡುವ. ಹಾ, ನೀನು ಬಾ." ಎಷ್ಟೋ ವರ್ಷ ಪರೀಕ್ಷೆ ಬರೆಯುವವರ ಬೆನ್ನು ನೋಡಿದವಳು ನಾನು. ಒಬ್ಬ ಮನುಷ್ಯ ಯೋಚಿಸುವುದನ್ನು ಕಿವಿಯಿಂದ ಕೇಳಿದ್ದು ಅದೇ ಮೊದಲು. ಟೈಪಿಂಗ್ ಕಾಲದ ಹಾಗೆ ಎಲ್ಲಿ ಓಡಿದ, ಎಲ್ಲಿ ತಡವರಿಸಿದ ಎಂದು ತಿಳಿಯುತ್ತಿತ್ತು. ನನಗೆ ತುಂಬ ಸಂತೋಷವಾಯಿತು, ಹೆದರಿಕೆಯೂ ಆಯಿತು.

ನಡುವೆ ಹೊರಗೆ ಫೋನ್ ಬಡಿದುಕೊಂಡಿತು. ಬೆಂಗಳೂರಿನ ಹೊಸ ಹುಡುಗನೊಬ್ಬ ಕ್ಯಾಮರಾ ನೋಡಿ, ಕೋಣೆಯಲ್ಲಿ ಸದ್ದು ಬರುತ್ತಿದೆ ಎಂದು ದೂರಿದನಂತೆ. ಬರಬೇಕಾದದ್ದೇ ಎಂದು ರಶ್ಮಿ ಉತ್ತರ ಕೊಟ್ಟಳು.

ಕೊನೆಯ ಪ್ರಶ್ನೆ ಮುಗಿಯಿತು. ಪರದೆಯಲ್ಲಿ ಚಕ್ರ ತಿರುಗಿತು. ಆಮೇಲೆ ಏನೋ ಅಕ್ಷರ ಮೂಡಿತು. ಅಶ್ರಫ್ ಅದನ್ನು ನೋಡುತ್ತ ಕುಳಿತ, ಸದ್ದೇ ಇಲ್ಲ. ಎರಡು ತಾಸು ಮಾತಾಡಿದ ಬಾಯಿ ಮುಚ್ಚಿಹೋಗಿತ್ತು. ಹೋಯಿತು ಎಂದುಕೊಂಡೆ. ಎದ್ದು ಕನ್ನಡಕ ಸರಿಮಾಡಿಕೊಂಡು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಪಾಸ್ ಎಂದಿತ್ತು.

"ಓದು ಮಾರಾಯ," ಎಂದೆ. ಅವನು ತಲೆಯಾಡಿಸಿದ, ಸ್ವರ ಹೊರಡಲಿಲ್ಲ.

ಪ್ರಿಂಟು ತೆಗೆದು ಕೊಟ್ಟು ಅವನ ಹಿಂದೆಯೇ ಕೆಳಗೆ ಹೋದೆ. ಬೇಕರಿಯ ಬೆಂಚಿನಲ್ಲಿ ಮೂವರೂ ಎದ್ದು ನಿಂತರು. ಮೈಮುನಾ ಅವನ ಮುಖವನ್ನೇ ನೋಡುತ್ತಿದ್ದಳು, ಕೇಳಲು ಧೈರ್ಯವಿಲ್ಲ. ಮಗಳು ಎಂದಿನಂತೆ ಅವಳ ಸೆರಗಿನ ಹಿಂದೆ.

"ಎಂತ ಬರೆದಿದ್ದಾರೆ?" ಎಂದರು ಉಮ್ಮ.

ಅಶ್ರಫ್ ಕಾಗದ ಹಿಡಿದು ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಬೆಂಚಿನ ಮೇಲೆ ಕುಳಿತುಬಿಟ್ಟ. ಆಗ ಮಗಳು ಸೆರಗಿನ ಹಿಂದಿನಿಂದ ಬಂದಳು. ಅವನ ಮೊಣಕಾಲಿಗೆ ಒರಗಿ ನಿಂತು, ಕಾಗದವನ್ನು ಅವನ ಕೈಯಲ್ಲೇ ಬಿಟ್ಟು, ಅಕ್ಷರಗಳ ಅಡಿಯಲ್ಲಿ ಬೆರಳಿಟ್ಟು ಓದತೊಡಗಿದಳು. ಮೊದಲು ಅಪ್ಪನ ಹೆಸರು. ಆಮೇಲೆ ಅವಳಿಗೆ ಅರ್ಥವಾಗದ ಉದ್ದುದ್ದ ಇಂಗ್ಲಿಷ್ ಪದಗಳು, ಒಂದೊಂದನ್ನೂ ಮುರಿದು, ಜೋಡಿಸಿ, ಬಾಯಿ ಬಿಟ್ಟು, ಮೂರು ಮನೆಗೆ ಕೇಳುವ ಹಾಗೆ. ಅಪ್ಪ ಅವಳ ಭುಜ ಹಿಡಿದುಕೊಂಡು ಪ್ರತಿ ಪದಕ್ಕೂ ಹೂಂ ಎನ್ನುತ್ತಿದ್ದ.

ಮೇಲೆ ಎರಡನೆಯ ತಂಡದ ಪರೀಕ್ಷೆ ಆಗಷ್ಟೇ ಶುರುವಾಗಿತ್ತು. ಅವಳ ಸ್ವರ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗುತ್ತಿತ್ತು. ಅಭ್ಯಾಸಬಲದಿಂದ ನನ್ನ ಬೆರಳು ತುಟಿಯವರೆಗೆ ಬಂತು. ಇಳಿಸಿ, ಸೆರಗಿನೊಳಗೆ ಇಟ್ಟುಕೊಂಡು, ಅವಳು ಓದಿ ಮುಗಿಸುವವರೆಗೆ ಅಲ್ಲೇ ನಿಂತೆ.